ನಿರಾಪದನ ಭಟ್ಟಿ

ನಿರಾಪದ ಕುಂಡು ತನ್ನ ಮದುವೆಗೆ ರಜೆ ಹಾಕಿದ್ದು ಒಂದೇ ದಿನ. ಭಟ್ಟಿ ಬಿಟ್ಟಿರಲಾರೆ ಅಂದಿದ್ದ. ಹೂಗ್ಲಿ ನದಿ ದಡದ ನಮ್ಮ ಸರ್ಕಾರಿ ಪಿಂಗಾಣಿ ಕಾರ್ಖಾನೆಯಲ್ಲಿ ಪಾತ್ರೆ ಸುಡುವ, ಅವನು ನೋಡಿಕೊಳ್ಳುವ ಆ ಭಟ್ಟಿ ವರ್ಷಗಟ್ಟಲೆ ಆರದೆ ಉರಿಯಬೇಕು. ಒಮ್ಮೆ ತಣ್ಣಗಾದರೆ ಒಳಗೋಡೆ ಸೀಳಿಹೋಗುತ್ತದೆ, ಮತ್ತೆ ಕಟ್ಟಿಸುವ ಪುಣ್ಯಾತ್ಮ ಯಾರೂ ಇಲ್ಲ. ಕಪ್ಪುಬಸಿಗಳಿಗೆ ಮೆರುಗು ಹಚ್ಚುತ್ತಿದ್ದ ನನ್ನಂಥವರೆಲ್ಲರ ಅನ್ನ ಅವನ ಬೆಂಕಿಯಲ್ಲೇ ಬೇಯುತ್ತಿತ್ತು. ವಿಶ್ವಕರ್ಮ ಪೂಜೆಯ ದಿನ ಊರಿನ ಯಂತ್ರಗಳೆಲ್ಲ ನಿಂತರೂ ಅದು ನಿಲ್ಲುತ್ತಿರಲಿಲ್ಲ. ಕಾವಿಗೆ ಮಣ್ಣಿನ ದೇವರು ಬಿರಿದಾನು ಎಂದು ವಿಗ್ರಹವನ್ನು ಅಂಗಳದ ಆ ತುದಿಯಲ್ಲಿ ಕೂರಿಸುತ್ತಿದ್ದೆವು.

ಹೊಸ ಮ್ಯಾನೇಜರ್ ಸಮಾದ್ದಾರ್ ಬಾಬು ಕೆಟ್ಟವರಲ್ಲ. ಹಾಗಂದುಕೊಂಡೇ ನಾವು ಹಾಳಾದೆವು. ಯಾರಿಗೂ ಗದರಲಿಲ್ಲ, ಯಾವುದಕ್ಕೂ ಇಲ್ಲ ಎನ್ನಲಿಲ್ಲ. ಎಲ್ಲದಕ್ಕೂ ಸಮಿತಿ ಮಾಡಿದರು.

ಭಟ್ಟಿಯ ಎರಡು ಬರ್ನರುಗಳಲ್ಲಿ ಒಂದು ಕೆಟ್ಟಿತು. ನಿರಾಪದ ಅವರ ಕೋಣೆಗೆ ಓಡಿದ.

"ಬಾಬು, ಹೊಸ ಬರ್ನರು ಹೌರಾದಲ್ಲಿ ಸಿಗುತ್ತೆ. ಈಗ ಹೊರಟ್ರೆ ಸಂಜೆಗೆ ಹಾಕ್ಬಿಡ್ತೀನಿ."

"ಅವಸರ ಯಾಕಪ್ಪಾ ನಿರಾಪದ? ನಾಲ್ಕು ಜನ ಕೂತು ಮಾತಾಡೋಣ. ಚಹಾ ಕುಡಿ."

ಕೂತರು. ಚಹಾ ಬಂತು, ಬದನೆಕಾಯಿ ಬಜ್ಜಿ ಬಂತು. ಬರ್ನರು ಯಂತ್ರ ವಿಭಾಗದ್ದೋ ಇಂಧನ ವಿಭಾಗದ್ದೋ ಎಂಬುದು ತೀರ್ಮಾನವಾಗಲಿಲ್ಲ. ಮುಂದಿನ ಸಭೆಗೆ ಒಬ್ಬರು ಬರಲಿಲ್ಲ. ಅದರ ಮುಂದಿನದರಲ್ಲಿ, ತನ್ನ ಮೇಲಿನವರನ್ನು ದಾಟಿ ಬಂದದ್ದೇಕೆ ಎಂದು ನಿರಾಪದನನ್ನೇ ವಿಚಾರಿಸಿದರು. ಅಷ್ಟರಲ್ಲಿ ಭಟ್ಟಿ ಒಂಟಿ ಬರ್ನರಿನಲ್ಲಿ ಏದುಸಿರು ಬಿಡುತ್ತಿತ್ತು.

ಮಳೆಗಾಲದಲ್ಲಿ ಉಳಿದ ಬರ್ನರೂ ಕೆಮ್ಮತೊಡಗಿತು. ನನಗೇ ಕೇಳಿಸಿದ್ದು ಅವನಿಗೆ ಕೇಳಿಸದೆ ಇದ್ದೀತೆ?

"ನಿರಾಪದ ದಾದಾ, ಹೋಗಿ ಹೇಳಲ್ವಾ?" ಎಂದೆ.

"ಹೇಳಿದ್ರೆ ಇನ್ನೊಂದು ಸಭೆ ಅಷ್ಟೆ ಕಣೋ," ಎಂದು ಬೀಡಿ ಹಚ್ಚಿದ. "ಚಹಾ ಕುಡಿದೂ ಕುಡಿದೂ ಬಾಯೆಲ್ಲ ಕಹಿ."

ಮದುವೆಗೂ ಒಂದೇ ದಿನ ಬಿಟ್ಟಿದ್ದ ಭಟ್ಟಿಯನ್ನು ಅವನು ಆ ದಿನ ಅದರ ಪಾಡಿಗೆ ಬಿಟ್ಟ. ಮೂರ್ನಾಲ್ಕು ದಿನಕ್ಕೆ ಬೆಂಕಿ ಆರಿತು. ಆಮೇಲೆ ಒಳಗೋಡೆ ಚಟಚಟ ಸೀಳುವ ಸದ್ದು ಮೆರುಗಿನ ಕೋಣೆಯವರೆಗೂ ಕೇಳಿಸಿತು. ಯಾರೂ ತಲೆ ಎತ್ತಲಿಲ್ಲ. ಇನ್ನು ನಮ್ಮ ಕೆಲಸವೂ ಹೋಯಿತು ಎಂದು ಎಲ್ಲರಿಗೂ ಗೊತ್ತಿತ್ತು.

ಆ ವರ್ಷ ವಿಶ್ವಕರ್ಮನನ್ನು ಭಟ್ಟಿಯ ಬಾಯಲ್ಲೇ ಕೂರಿಸಿದೆವು. ಹೊರಗೆ ಮಳೆ ಸುರಿಯುತ್ತಿತ್ತು. ಸಮಾದ್ದಾರ್ ಬಾಬು ಬಂದು ಕೈಮುಗಿದರು.

"ಜಾಗ ಬದಲಾಯಿಸೋಕೆ ಯಾರನ್ನ ಕೇಳಿದ್ರಿ?" ಎಂದು ಮೆಲ್ಲಗೆ ವಿಚಾರಿಸಿದರು.

ನಿರಾಪದ ಭಟ್ಟಿಯ ಗೋಡೆಗೆ ಅಂಗೈ ಒತ್ತಿ ನಿಂತಿದ್ದ.

"ಇನ್ಮೇಲೆ ದೇವ್ರು ಬಿರಿಯಲ್ಲ ಬಾಬು," ಎಂದ. "ಮುಟ್ಟಿ ನೋಡಿ."