ಬಣ್ಣದ ಮಣ್ಣಿನಲ್ಲಿ ಜೋಳ ಬಿತ್ತಿದ ಕಾಶವ್ವ

ಬೆಳಗಿನ ಆರು ಗಂಟೆ. ಪರೇಲಿನಲ್ಲಿ ಬಾಗಿಲು ಮುಚ್ಚಿದ ಬಣ್ಣದ ಕಾರ್ಖಾನೆಯ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತ ಕಾಶವ್ವ ಹನ್ನೆರಡು ದೊನ್ನೆಗಳ ಮೇಲಿನ ಗೋಣಿ ಸರಿಸುತ್ತಾಳೆ. ಪ್ರತಿ ದೊನ್ನೆಯಲ್ಲೂ ಈ ಜಾಗದ ಒಂದೊಂದು ಗುಂಡಿಯ ಮಣ್ಣು, ಅದರಲ್ಲಿ ಎಂಟು ಹತ್ತು ಕಾಳು ಜೋಳ. ಇವತ್ತಿಗೆ ಒಂಬತ್ತನೆಯ ದಿನ.

ಇಲ್ಲಿ ಹೊಸ ಬಡಾವಣೆ ಏಳಲಿದೆ. ನಾಲ್ಕು ಬಿಲ್ಡಿಂಗು, ಮಕ್ಕಳಿಗೊಂದು ಮೈದಾನ. ಬಿಲ್ಡಿಂಗಿಗೆ ಒಗ್ಗದ ಪೂರ್ವದ ಮೂಲೆಯನ್ನೇ ನಕ್ಷೆಯಲ್ಲಿ ಮೈದಾನವೆಂದು ಬರೆದಿದ್ದಾರೆ. ಮಿಕ್ಕಿದ್ದನ್ನು ಮಕ್ಕಳ ಎಲೆಗೆ ಬಡಿಸುವುದು ದೊಡ್ಡವರ ಹಳೆಯ ಚಾಳಿ. ಬಣ್ಣದ ತೊಟ್ಟಿಗಳ ಗಸಿ ಸುರಿಯುತ್ತಿದ್ದದ್ದು ಅಲ್ಲಿಯೇ ಎಂದು ಯಾವ ನಕ್ಷೆಯೂ ಹೇಳುವುದಿಲ್ಲ. ಹನ್ನೊಂದು ವರ್ಷ ಅದನ್ನು ಬುಟ್ಟಿಯಲ್ಲಿ ಹೊತ್ತ ಕಾಶವ್ವ ಹೇಳುತ್ತಾಳೆ.

ಬಿಜಾಪುರದ ಕಡೆಯ ಈಕೆ ಈಗ ಇದೇ ಜಾಗ ಅಳೆಯಲು ಬಂದವರ ಬಳಿ ಕೂಲಿ. ನೆಲ ಎಷ್ಟು ಗಟ್ಟಿ ಎಂದು ಅವರು ನೋಡಲು ದಿನಕ್ಕೆ ಸೊಂಟದಾಳದ ನಾಲ್ಕು ಗುಂಡಿ ತೋಡಬೇಕು. ಬಾಯಿಮಾತು ಯಾರೂ ಕೇಳದಿದ್ದಾಗ ಊರಿನ ನವರಾತ್ರಿ ನೆನಪಾಯಿತಂತೆ. ಅಲ್ಲಿ ದೇವರ ಮುಂದೆ ಹೊಲದ ಮಣ್ಣು ಹರಡಿ ಕಾಳು ಹಾಕುತ್ತಾರೆ, ಒಂಬತ್ತನೆಯ ದಿನ ಸಸಿ ನೋಡಿ ಆ ಹೊಲದ ಬೆಳೆ ಹೇಗೆ ಬಂದೀತೆಂದು ಅಳೆಯುತ್ತಾರೆ.

ಮೊದಲ ಸಲ ಹನ್ನೆರಡರಲ್ಲಿ ಒಂದೂ ಮೊಳೆಯಲಿಲ್ಲ. "ಯಾ ಹೊಲದ ಮಣ್ಣೋ ಅದ ಹೊಲದ ಬಾವಿ ನೀರ ಹಾಕೋದು ನಮ್ಮ ಪದ್ಧತಿ. ಇಲ್ಲೂ ಕಾರ್ಖಾನಿ ಬಾವಿ ನೀರ ಹಾಕಿದ್ನಿ. ಬಣ್ಣ ಬಾವಿಗೂ ಇಳದಿರತೈತಿ ಅಂತ ಹೊಳೀಲಿಲ್ರೀ," ಎನ್ನುತ್ತಾಳೆ. ನಕ್ಷೆ ಬರೆಯುವ ಉಡುಪಿಯ ಸದಾನಂದ ಆಗ ನಕ್ಕಿದ್ದ: "ಎಂತ ಕಾಶವ್ವ, ಎಲ್ಲಾ ಮಣ್ಣೂ ಒಂದೇ ಆಯ್ತಲ್ಲ. ಮತ್ತೆ ಮೈದಾನ ಎಲ್ಲಿದ್ರೆ ಎಂತ?"

ಕಾಶವ್ವ ಹಟ ಬಿಡಲಿಲ್ಲ. ಮತ್ತೆ ಬಿತ್ತಿದಳು, ಈ ಬಾರಿ ತಾನು ವಾಸವಿರುವ ಚಾಳಿನ ನಲ್ಲಿಯಿಂದ ದಿನಕ್ಕೊಂದು ಕೊಡ ನೀರು ಹೊತ್ತು ತಂದಳು.

ಈಗ ಪಶ್ಚಿಮದ ಮಣ್ಣಿನ ದೊನ್ನೆಗಳಲ್ಲಿ ಗೇಣುದ್ದ ಹಸಿರು. ಪೂರ್ವದವುಗಳಲ್ಲಿ ಕಾಳು ಕಪ್ಪಾಗಿ ಕೊಳೆತಿದೆ. ಸದಾನಂದ ಇವತ್ತು ನಗುವುದಿಲ್ಲ. ನಕ್ಷೆ ಬಿಚ್ಚಿ ಪಶ್ಚಿಮದ ಒಂದು ಬಿಲ್ಡಿಂಗಿಗೆ ಪೆನ್ಸಿಲಿನಿಂದ ಕಾಟು ಹಾಕಿ ಅಲ್ಲಿ ಮೈದಾನ ಎಂದು ಬರೆಯುತ್ತಾನೆ. "ಒಂದು ಬಿಲ್ಡಿಂಗ್ ಬಿಡ್ಲಿಕ್ಕೆ ಸಾಹೇಬರು ಒಪ್ಪುದು ಕಷ್ಟ. ಸೋಮವಾರ ಈ ದೊನ್ನೆಗಳನ್ನೇ ಮೇಜಿನ ಮೇಲೆ ಇಡ್ತೇನೆ," ಎನ್ನುತ್ತಾನೆ.

ಒಪ್ಪದಿದ್ದರೆ? ನಾನು ಕೇಳುತ್ತೇನೆ. ಕಾಶವ್ವ ಸೀರೆಯ ಅಂಚು ಸರಿಸಿ ಹಿಮ್ಮಡಿ ತೋರಿಸುತ್ತಾಳೆ. ನೋಡಲು ನನಗೆ ಆಗುವುದಿಲ್ಲ.

"ಆ ಮೂಲ್ಯಾಗ ಆದ ಗಾಯರೀ. ಏಳು ವರ್ಷಾತು, ಮಾಯವಲ್ದು. ಹುಡುಗೂರು ಅಂದಮ್ಯಾಲ ಆಡ್ತಾವ, ಬೀಳ್ತಾವ. ಬೀಳಲಿ. ನಾಕ ದಿನಕ್ಕ ಮಾಯಬೇಕು, ಅಷ್ಟ. ಒಪ್ಪಲಿಲ್ಲಂದ್ರ ಮತ್ತ ಬಿತ್ತತೀನಿ."