ಅಮ್ಮ ಕೂರುತ್ತಿದ್ದ ಹಲಗೆ

"ಈ ಎಂಜಿನ್ ಹಗುರ. ಇನ್ನು ಮುಂದುಗಡೆ ಭಾರ ಬೇಕಿಲ್ಲ," ಎಂದ ಮೆಕ್ಯಾನಿಕ್, ದೋಣಿಯ ಮುಂತುದಿಯಲ್ಲಿದ್ದ ಕುಚ್ಚಲಕ್ಕಿ ಚೀಲವನ್ನು ಎತ್ತಿ ದಡಕ್ಕಿಟ್ಟ.

ಭಾನುವಾರಗಳಂದು ಅಪ್ಪಯ್ಯ ಥೇಮ್ಸ್ ನದಿಯಲ್ಲಿ ನಡೆಸುವ ಪುಟ್ಟ ದೋಣಿ ಅದು. ಹಳೆಯ ಎಂಜಿನ್ನಿನ ಭಾರಕ್ಕೆ ಮುಂತುದಿ ಮೇಲೇಳದಿರಲೆಂದು ಅಮ್ಮ ಮುಂದಿನ ಹಲಗೆಯ ಮೇಲೆ ಕೂರುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಅಲ್ಲಿ ಈ ಚೀಲವಿತ್ತು. ಎಂಜಿನ್ ಎತ್ತಿಳಿಸಿ ಅಪ್ಪಯ್ಯನಿಗೆ ಬೆನ್ನು ನೋವು ಬಂದಾಗ, ಬದಲಿಸೋಣವೆಂದು ಹಟ ಹಿಡಿದವಳು ನಾನೇ.

ದೋಣಿ ಈಗ ನೀರಿನ ಮೇಲೆ ಸಮನಾಗಿ ನಿಂತಿತ್ತು. ಅಪ್ಪಯ್ಯ ಅದನ್ನೇ ನೋಡುತ್ತ ತಮ್ಮ ಕುಂದಾಪುರದ ಮಾತಿನಲ್ಲಿ ಕೇಳಿದರು: "ಹಂಗಾರೆ ಮುಂದೆ ಯಾರೂ ಕೂಕಂಬ್ದ್ ಬ್ಯಾಡ್ದಾ ಮಗಾ?"

ನಾನು ಹೋಗಿ, ಅಮ್ಮನಂತೆ ಅವರ ಕಡೆ ಮುಖ ಮಾಡಿ ಆ ಹಲಗೆಯ ಮೇಲೆ ಕುಳಿತೆ. ಮುಂತುದಿ ತುಸು ತಗ್ಗಿತು.

ಈಗಲೂ ನಮ್ಮ ದೋಣಿ ಹಾಗೆ ತಗ್ಗಿಕೊಂಡೇ ಸಾಗುತ್ತದೆ. ಹಿಂದೆ ಬಂದು ಕೂರು ಎಂದು ಅಪ್ಪಯ್ಯ ಒಮ್ಮೆಯೂ ಹೇಳಿಲ್ಲ.