ಸಾರಂಗಕೋಟದಲ್ಲಿ ಕೇಳಿದ ಕನ್ನಡ

ಬೆಳಗಾವಿಯ ಖಾಸಬಾಗದ ಹೈಸ್ಕೂಲೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಪೂನಮಳಿಗೆ ಹಿಮದ ಗುಡ್ಡವನ್ನು ಕಣ್ಣಾರೆ ನೋಡುವ ಆಸೆ. ಮಕ್ಕಳು ತ್ರಿಕೋನ ಗೀಚಿ ಅದನ್ನೇ ಹಿಮಾಲಯ ಎನ್ನುತ್ತಿದ್ದರು. ತಿದ್ದಲು ಹೋದರೆ ತಾನೂ ನೋಡಿದವಳಲ್ಲ. 2000ನೇ ಇಸವಿಯ ದಸರಾ ರಜೆಯಲ್ಲಿ, ಊರಿನ ದಂಡಿನ ಕ್ಯಾಂಪಿನ ಬಜಾರದಲ್ಲಿ ಸಿಕ್ಕ ಹಳೆಯ ಮಿಲಿಟರಿ ಬೆನ್ನುಚೀಲ ಹೊತ್ತು ಒಬ್ಬಳೇ ನೇಪಾಳಕ್ಕೆ ಹೊರಟುಬಿಟ್ಟಳು. ಖಾನಾಪುರದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಅಣ್ಣ ಮಾಯಪ್ಪ ಸಿಟ್ಟಾಗಿ ಮಾತು ಬಿಟ್ಟ. ಕುರಿ ಮೇಯಿಸಿ ಬೆಳೆದ ಅವ್ವ ಸಾತವ್ವ ಮಾತ್ರ, ಅಲ್ಲಿ ಚಳಿ ಜಾಸ್ತಿಯಂತೆ ಎಂದು ಕಂಬಳಿಯೊಂದನ್ನು ಚೀಲಕ್ಕೆ ತುರುಕಿದಳು.

ಗೋರಖಪುರದಿಂದ ಗಡಿಯವರೆಗಿನ ಬಸ್ಸಿನಲ್ಲಿ ಕಿಟಕಿಗೆ ಯಾರದೋ ವಾಂತಿ ಒಣಗಿ ಅಂಟಿತ್ತು. ಗಡಿ ದಾಟುತ್ತಿದ್ದಂತೆ ದಲಾಲನೊಬ್ಬ ರಟ್ಟೆ ಹಿಡಿದು ತನ್ನ ಬಸ್ಸಿನತ್ತ ಎಳೆದ. ಕೊಸರಿಕೊಂಡು ಬಂದು ಆ ತೋಳನ್ನು ನಳದ ಕೆಳಗೆ ಹಿಡಿದು ತಿಕ್ಕಿ ತಿಕ್ಕಿ ತೊಳೆದಳು. ಆದರೂ ಹಿಂದಿರುಗಲಿಲ್ಲ.

ಪೋಖರಾದ ಮೇಲಿರುವ ಸಾರಂಗಕೋಟದ ಗುಡ್ಡವನ್ನು ಬೆಳಗ್ಗೆ ಹತ್ತಿ, ತುದಿಯಲ್ಲಿದ್ದ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತಳು. ಎದುರಿಗೆ ಬಿಸಿಲು ಬಿದ್ದ ಹಿಮ. ಅಷ್ಟರಲ್ಲಿ ಜೀಪೊಂದು ಬಂದು ನಿಂತಿತು. ಪಶುಪತಿನಾಥನ ದರ್ಶನ ಮುಗಿಸಿ, ಹಣೆತುಂಬ ಗಂಧ ಬಳಿದುಕೊಂಡ ಗಂಡಸರು ಇಳಿದರು. ಅವರು ಆಡುತ್ತಿದ್ದುದು ಕನ್ನಡ, ಅದೂ ಬೆಳಗಾವಿ ಕನ್ನಡ. ಪೂನಮ ಮುಖ ಅರಳಿಸಿ ಮಾತಾಡಿಸಲು ಎದ್ದೇಬಿಟ್ಟಿದ್ದಳು.

ಅವರಲ್ಲಿ ಹಿರಿಯನಾದವನು ಕೆಳಗಿನ ಹೊಲಕ್ಕೆ ಗುಟಕಾ ಉಗಿದು, ಬೆನ್ನಿಗೆ ಕೂಸು ಕಟ್ಟಿಕೊಂಡು ಚಹಾ ಸುರಿಯುತ್ತಿದ್ದ ಅಂಗಡಿಯವಳ ಮೈಯ ಬಗ್ಗೆ ಏನೋ ಅಂದ. ಇನ್ನೊಬ್ಬ ಅವಳಿಗೆ ರೇಟು ಕಟ್ಟಿದ. ಆಮೇಲೆ ಎಲ್ಲರೂ ಪೂನಮಳತ್ತ ತಿರುಗಿದರು. ಮದ್ರಾಸಿನ ಕಡೆಯವಳೆಂದುಕೊಂಡು, ಒಬ್ಬಳೇ ಬಂದ ಹೆಣ್ಣು ಯಾತಕ್ಕೆ ಬಂದಿರುತ್ತಾಳೆಂದು ಬಿಡಿಸಿ ಬಿಡಿಸಿ ಹೇಳಿ ನಕ್ಕರು. ಮಾತು ತಿಳಿಯದ ಅಂಗಡಿಯವಳೂ ಅವರೊಂದಿಗೆ ನಕ್ಕು, ಕಪ್ಪುಗಳಿಗೆ ಮತ್ತಷ್ಟು ಚಹಾ ಹಾಕಿದಳು. ಪೂನಮ ಅವರ ಎದುರಿಗೆ ಬಂದು ನಿಂತಳು.

"ಅಣ್ಣಾರ, ಬೆಳಗಾವ್ಯಾಗ ಯಾವ ಓಣಿ ನಿಮ್ದು?" ಎಂದು ಕೇಳಿದಳು.

ನಗು ನಿಂತಿತು. ಹಿರಿಯ ಬಾಯಿ ಒರೆಸಿಕೊಂಡು, "ತಪ್ಪ ತಿಳ್ಕೋಬ್ಯಾಡ ತಂಗಿ. ನೀ ನಮ್ಮೂರಾಕಿ ಅಂತ ಗೊತ್ತಿರಲಿಲ್ಲ" ಎಂದು ಪ್ರಸಾದದ ಪೊಟ್ಟಣ ಮುಂದೆ ಹಿಡಿದ.

"ನಿಮ್ಮೂರಾಕಿ ಅಲ್ಲದಿದ್ರ ನಡೀತಿತ್ತೇನ್ರಿ?"

ಅವನು ಪೊಟ್ಟಣ ಮಡಚಿಕೊಂಡು ಜೀಪು ಹತ್ತಿದ. ರಜೆ ಮುಗಿಯುವವರೆಗೂ ಪೂನಮ ಗುಡ್ಡದ ಹಳ್ಳಿಗಳಲ್ಲಿ ನಡೆದಳು. ಕೆಲವು ಮುಂಜಾನೆ ಹಿತವೆನಿಸಿದ್ದೂ ಉಂಟು. ಆದರೆ ಬಿಳಿ ಶಿಖರ ಕಂಡಾಗಲೆಲ್ಲ ಆ ನಗುವೇ ಮೊದಲು ಕಿವಿಗೆ ಬರುತ್ತಿತ್ತು.

ಅವಳಿಗಿಂತ ಮೊದಲೇ ಸುದ್ದಿ ಊರು ಸೇರಿತ್ತು. ಆ ಹಿರಿಯ ಬೆಳಗಾವಿಯ ರವಿವಾರ ಪೇಟೆಯ ಸಗಟು ವ್ಯಾಪಾರಿ ರಾಯಪ್ಪ. ಮಾಯಪ್ಪ ತನ್ನ ಅಂಗಡಿಗೆ ಸಕ್ಕರೆ, ಬೇಳೆ ತರುತ್ತಿದ್ದುದೂ ಅವನಲ್ಲಿಂದಲೇ. ಬೆಳಗಾವಿ ಕಡೆಯ ಹುಡುಗಿಯೊಬ್ಬಳು ಗುಡ್ಡದ ಮೇಲೆ ಬಿಳಿಯರ ಜೊತೆ ತಿರುಗುತ್ತಿದ್ದಳೆಂದು ಅವನು ಪೇಟೆಯಲ್ಲೆಲ್ಲ ಸುಳ್ಳು ಹಬ್ಬಿಸಿದ್ದ. ಹೆಸರು ಗೊತ್ತಿರಲಿಲ್ಲ, ಆದರೆ ಒಬ್ಬಳೇ ನೇಪಾಳಕ್ಕೆ ಹೋದವಳು ಊರಿಗೆಲ್ಲ ಒಬ್ಬಳೇ. ಪೂನಮ ನಡೆದದ್ದನ್ನು ಹೇಳಿದರೂ ಕೆಂಡವಾಗಿದ್ದ ಮಾಯಪ್ಪ ನಂಬದಿದ್ದಾಗ, ಅವನನ್ನು ನೇರವಾಗಿ ಪೇಟೆಗೆ ಕರೆದೊಯ್ದಳು.

ರಾಯಪ್ಪ, "ಬರ್ರಿ, ಕುಂದರ್ರಿ" ಎಂದು ಚಹಾ ತರಿಸಿದ. ಗಿರಾಕಿಗಳು ತುಂಬಿದ್ದರು.

"ಆ ಕೂಸಿನ ತಾಯಿಗೆ ಏನಂದ್ರಿ, ನಮ್ಮಣ್ಣನ ಮುಂದ ಇನ್ನೊಮ್ಮೆ ಅನ್ರಿ" ಎಂದಳು ಪೂನಮ.

ಗಿರಾಕಿಗಳು ತಿರುಗಿ ನೋಡಿದರು. ರಾಯಪ್ಪ ತಕ್ಕಡಿಯತ್ತ ತಿರುಗಿ ತೂಕದ ಕಲ್ಲು ಜೋಡಿಸತೊಡಗಿದ. ತಂಗಿ ಹೇಳಿದ್ದೆಲ್ಲ ನಿಜವೆಂದು ಮಾಯಪ್ಪನಿಗೆ ತಿಳಿಯಿತೆಂದು ಅವನ ಮುಖವೇ ಹೇಳುತ್ತಿತ್ತು. ಆದರೂ ಅವನು ಹಲ್ಲುಗಿಂಜಿ, ಹುಡುಗಿಗೆ ದಣಿವಾಗಿದೆ ಎಂದು ಸಮಜಾಯಿಷಿ ಕೊಟ್ಟು, ತನ್ನ ಚಹಾ ಕುಡಿದ. ಅವಳು ಮುಟ್ಟದ ಕಪ್ಪನ್ನೂ ಎತ್ತಿಕೊಂಡು, ಸೇಠರಿಗೆ ಅಪಮಾನವಾಗಬಾರದೆಂದು, ಅದನ್ನೂ ಕುಡಿದ. ಪೋಖರಾದಲ್ಲಿ ಆ ಗಂಡಸರನ್ನು ಕಂಡಾಗಲೂ ಪೂನಮಳಿಗೆ ಇಷ್ಟು ಹೇಸಿಗೆಯಾಗಿರಲಿಲ್ಲ.

ಆ ದೀಪಾವಳಿಗೆ ಅವಳು ಖಾನಾಪುರಕ್ಕೆ ಹೋಗಲಿಲ್ಲ. ಸಾತವ್ವಳೇ ಖಾಸಬಾಗಕ್ಕೆ ಬಂದಳು. ಪೂನಮ ಒಂದು ಮಾತನ್ನೂ ನುಂಗದೆ, ಆ ಗಂಡಸರು ಆಡಿದ್ದನ್ನೂ ರಾಯಪ್ಪನ ಅಂಗಡಿಯಲ್ಲಿ ನಡೆದದ್ದನ್ನೂ ಹಾಗೆಯೇ ಹೇಳಿದಳು. ಸಾತವ್ವ ಕೇಳಿ ಎದ್ದು ಬಚ್ಚಲಿಗೆ ಹೋಗಿ, ಬಾಯಿ ಮುಕ್ಕಳಿಸಿ ಉಗುಳಿ ಬಂದಳು.

"ಮಾಯಾ ಅದನ್ನೆಲ್ಲಾ ಕೇಳಿ ಚಾ ಕುಡದ್ನ?" ಎಂದು ಕೇಳಿದಳು.

"ಹೂಂ."

ಸಾತವ್ವ ಆ ಹಬ್ಬ ಮುಗಿದ ಮೇಲೂ ಮಗನ ಮನೆಗೆ ಹೋಗುವ ಮಾತೆತ್ತಲಿಲ್ಲ.